ಮಳೆ ಬಿಟ್ಟ ಮೇಲೆ ನೋಡನ

ನಮ್ಮ ಚಿಕ್ಕಪ್ಪನ ತೋಟದ ದಾರಿ ಕೇಸು ಶಿರಸಿ ಕೋರ್ಟಿನಲ್ಲಿ ಆರು ವರ್ಷ ನಡೆದು, ಜೂನ್ ಮಧ್ಯದಲ್ಲಿ ನಮ್ಮ ವಿರುದ್ಧ ತೀರ್ಪಾಯಿತು. ಅಪೀಲಿಗೆ 30 ದಿನ ಇದೆ ಅಂದರು ವಕೀಲರು. ಚಿಕ್ಕಪ್ಪನಿಗೆ ಆಗ ಅಡಿಕೆಯ ಕೊಳೆರೋಗದ ಚಿಂತೆ. ಬೋರ್ಡೋ ಔಷಧಿ ಹೊಡೆಯಲು ಮರ ಹತ್ತುವವರು ಸಿಕ್ಕಿರಲಿಲ್ಲ. "ಮಳೆ ಬಿಟ್ಟ ಮೇಲೆ ನೋಡನ, ಎಂತ ಗಡಿಬಿಡಿ" ಅಂದ. ನಮ್ಮ ಕಡೆ ಮದುವೆ ಮಾತುಕತೆಯಿಂದ ಹಂಚು ಬದಲಿಸುವ ತನಕ ಎಲ್ಲದಕ್ಕೂ ಇದೇ ಉತ್ತರ ಅಲ್ವಾ.

ತೀರ್ಪಿನ ನಕಲು ಸಿಗಲು 9 ದಿನ ಹಿಡಿದಿತ್ತು. ಆ ದಿನಗಳನ್ನು ಲೆಕ್ಕದಿಂದ ಬಿಡುತ್ತಾರೆ. ಅಂದರೆ ನಮಗೆ 39 ದಿನ ಇತ್ತು. ಅದೂ ದಾಟಿ 22 ದಿನ ತಡವಾಯಿತು.

ತಡ ಮನ್ನಿಸಿ ಅಂತ ಅರ್ಜಿ ಹಾಕಬೇಕು, ಜೊತೆಗೆ ಪ್ರಮಾಣ ಮಾಡಿ ಬರೆದುಕೊಡುವ ಅಫಿಡವಿಟ್. ನೆಂಟರೊಬ್ಬರು, "ಡಾಕ್ಟರ್ ಸರ್ಟಿಫಿಕೇಟ್ ತಂದು ಜ್ವರ ಅಂತ ಬರೆಸಿ" ಅಂದರು. ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಜ್ವರ ಬಂದವ ಸೊಸೈಟಿ ಮೀಟಿಂಗಿಗೆ ಹೋಗಿ ಸಹಿ ಹಾಕಿದ್ದು ಹೇಗೆ ಅಂತ ಎದುರಿನವರು ಕೇಳಿದರೆ?" ಅಂದರು. ಚಿಕ್ಕಪ್ಪ ಸುಮ್ಮನಾದ. ಕೊನೆಗೆ ಇದ್ದದ್ದನ್ನೇ ಬರೆದೆವು: ಮಳೆ, ಕೊಳೆ, ಆಳಿಲ್ಲ. ಸ್ವಲ್ಪ ಖರ್ಚು ಕಟ್ಟಿಸಿಕೊಂಡು ಜಡ್ಜ್ ಅಪೀಲು ತೆಗೆದುಕೊಂಡರು.

ಇದನ್ನು ಕೇಳಿದವರೆಲ್ಲ "ಹಾಗಾದರೆ ತಡವಾದರೂ ಅಡ್ಡಿಲ್ಲ" ಅನ್ನುತ್ತಿದ್ದಾರೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

1963ರ ಕಾಲಮಿತಿ ಕಾಯ್ದೆಯಲ್ಲಿ ತಡ ಮನ್ನಿಸುವ 5ನೇ ಕಲಮು ನಮ್ಮನ್ನು ಉಳಿಸಿತು. ಅದು ಅಪೀಲಿಗೆ, ಅರ್ಜಿಗೆ ಮಾತ್ರ. ಹೊಸದಾಗಿ ದಾವೆ ಹೂಡುವುದಕ್ಕೆ ಅದು ಇಲ್ಲ. ಕೈಸಾಲದ ದಾವೆಗೆ 3 ವರ್ಷ ಅಂದರೆ 3 ವರ್ಷ. ಎದುರಿನವನು ಬಾಯಿ ಬಿಡದಿದ್ದರೂ ಕೋರ್ಟು ತಾನೇ ಅದನ್ನು ವಜಾ ಮಾಡಬೇಕು ಅನ್ನುತ್ತದೆ 3ನೇ ಕಲಮು.

ಹಾಗಂತ ಅವಧಿ ಮೀರಿದ ಕೂಡಲೇ ಕೋರ್ಟಿನ ಅಧಿಕಾರವೇ ಹೋಯಿತು ಅಂತಲೂ ಅಲ್ಲ. ಅವಧಿ ಮೀರಿದ ದಾವೆಗೆ ಕೋರ್ಟು ಡಿಕ್ರಿ ಕೊಟ್ಟುಬಿಟ್ಟರೆ ಅದು ತಪ್ಪು ತೀರ್ಪು, ಅಧಿಕಾರವಿಲ್ಲದ ತೀರ್ಪಲ್ಲ ಅಂತ ಸುಪ್ರೀಂ ಕೋರ್ಟ್ 1963ರಲ್ಲೇ ಹೇಳಿದೆ. ಅಪೀಲು ಹೋಗದೆ ಕೂತರೆ ಆ ತಪ್ಪು ಡಿಕ್ರಿಯೇ ನಿಲ್ಲುತ್ತದೆ.

ನಿಜವಾಗಿ ಬಾಗಿಲು ಮುಚ್ಚುವುದು ಬೇರೆ ಕಡೆ. ಸೀಬರ್ಡ್ ನೌಕಾನೆಲೆಗೆ ಭೂಮಿ ಬಿಟ್ಟ ಊರುಗಳು ಕಾರವಾರ, ಅಂಕೋಲಾದಲ್ಲಿ ಇವೆಯಲ್ಲ, ಇದು ನಮಗೆಲ್ಲ ಗೊತ್ತಿರಬೇಕು. 1894ರ ಭೂಸ್ವಾಧೀನ ಕಾಯ್ದೆಯಲ್ಲಿ 28ಎ ಅಂತ ಒಂದು ಕಲಮಿತ್ತು. ಪಕ್ಕದ ಗದ್ದೆಯವನು ಕೋರ್ಟಿಗೆ ಹೋಗಿ ಪರಿಹಾರ ಜಾಸ್ತಿ ಮಾಡಿಸಿಕೊಂಡರೆ, ಅದೇ ಅಧಿಸೂಚನೆಯಲ್ಲಿ ಜಮೀನು ಕಳೆದುಕೊಂಡು ಕೋರ್ಟಿಗೆ ಹೋಗದವನೂ ಅಷ್ಟೇ ದರ ಕೇಳಬಹುದು. ಗಡುವು 3 ತಿಂಗಳು. ಅದು ಕೋರ್ಟಿನ ತೀರ್ಪಿನ ದಿನದಿಂದ ಶುರು, ನಿಮಗೆ ಸುದ್ದಿ ತಿಳಿದ ದಿನದಿಂದಲ್ಲ. ಅರ್ಜಿ ತೆಗೆದುಕೊಳ್ಳುವ ಅಧಿಕಾರಿ ಕೋರ್ಟಲ್ಲ, ಹಾಗಾಗಿ ತಡ ಮನ್ನಿಸುವ ಅಧಿಕಾರ ಅವರಿಗಿಲ್ಲ. 2013ರ ಹೊಸ ಕಾಯ್ದೆಯಲ್ಲೂ 73ನೇ ಕಲಮಾಗಿ ಇದೇ 3 ತಿಂಗಳು ಇದೆ. ವಕೀಲರ ಮುಖವನ್ನೇ ನೋಡದ ಮನುಷ್ಯನಿಗೆ ಅತಿ ಬಿಗಿಯಾದ ಗಡುವು, ದೊಡ್ಡ ಅಪೀಲುದಾರನಿಗೆ ಮಾಫಿ! ನನಗಂತೂ ಇದು ಸರಿ ಕಾಣುವುದಿಲ್ಲ.

ಅಮೆರಿಕದಲ್ಲಿ ಇನ್ನೂ ವಿಚಿತ್ರ. 2007ರ ಬೌಲ್ಸ್ ಕೇಸಿನಲ್ಲಿ ಒಬ್ಬ ಕೈದಿಗೆ ಅಪೀಲಿಗೆ 14 ದಿನ ಕೊಡಬೇಕಾದಲ್ಲಿ ಜಡ್ಜೇ ತಪ್ಪಿ 17 ದಿನ ಕೊಟ್ಟರು. ಆತ 16ನೇ ದಿನ ಹಾಕಿದ. ಗಡುವು ಕಾಯ್ದೆಯಲ್ಲೇ ಇರುವುದರಿಂದ ಮೇಲಿನ ಕೋರ್ಟಿಗೆ ಕೇಳುವ ಅಧಿಕಾರವೇ ಇಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳಿತು. ಜಡ್ಜಿನ ಮಾತು ನಂಬಿದ್ದೇ ಅವನ ತಪ್ಪು! ಅದೇ ಕೋರ್ಟು 2022ರಲ್ಲಿ, ತೆರಿಗೆ ಕೇಸೊಂದರಲ್ಲಿ ಒಂದೇ ದಿನ ತಡವಾಗಿದ್ದಾಗ, ಆ ತೆರಿಗೆ ಅರ್ಜಿಯ ಗಡುವು ಕೋರ್ಟಿನ ಅಧಿಕಾರಕ್ಕೆ ಸಂಬಂಧಪಟ್ಟದ್ದಲ್ಲ, ಅಂದರೆ ತಡವಾದರೂ ಕೇಳಬಹುದು ಅಂದಿತು.

ತೀರ್ಪು ಬಂದ ದಿನವೇ ವಕೀಲರನ್ನು ಎರಡು ಮಾತು ಕೇಳಿ. ಗಡುವು ಯಾವ ತಾರೀಕು? ದಾಟಿದರೆ ಮನ್ನಿಸುವ ಅಧಿಕಾರ ಯಾರಿಗಾದರೂ ಇದೆಯಾ?

ಚಿಕ್ಕಪ್ಪ ಈಗ ಸೊಸೈಟಿ ಕ್ಯಾಲೆಂಡರಿನಲ್ಲಿ ಕೇಸಿನ ವಾಯ್ದೆಗೆ ಕೆಂಪು ಗುರುತು ಹಾಕುತ್ತಾನೆ. ಮುಂದಿನದು ದೀಪಾವಳಿ ಕಳೆದು, ಅಡಿಕೆ ಕೊಯ್ಲಿನ ನಡುವೆ. ಫೋನ್ ಮಾಡಿ, "ಒಂದಿನ ಮುಂದೆ ಹಾಕ್ಸಲೆ ಬರ್ತಾ ಕೇಳು" ಅಂತಿದ್ದ.