ಅಳುಮುಂಜಿ ಹಾಡುಗಳ ಪರವಾಗಿ

ಇಂಡೊನೇಷ್ಯಾದ ಪಾಪ್ ಹಾಡುಗಳ ಮಾತು ಬಂದರೆ ತಿಳಿದವರು ಮೊದಲು ಹೇಳುವ ಹೆಸರು ಗಾಯಕ ಕ್ರಿಸ್ಯೆ. ಅವರು ಹಾಡಿರುವ 1977ರ ‘ಬಾದಾಯ್ ಪಸ್ತಿ ಬರ್ಲಾಲು’ ಆಲ್ಬಂ ಅಲ್ಲಿನವರ ಪಾಲಿಗೆ ಶಿಖರ. 2007ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ಇಂಡೊನೇಷ್ಯಾ ಆವೃತ್ತಿ ಆ ದೇಶದ 150 ಶ್ರೇಷ್ಠ ಆಲ್ಬಂಗಳನ್ನು ಆಯ್ದಾಗಲೂ ಮೊದಲ ಸ್ಥಾನ ಇದಕ್ಕೇ. ಎರೋಸ್ ಜಾರೊಟ್ ಅವರ ಹಾಡುಗಳು, ಯೋಕಿ ಅವರ ಕೀಬೋರ್ಡ್, ಕ್ರಿಸ್ಯೆಯ ಮೆತ್ತನೆಯ ದನಿ, ಬರ್ಲಿಯನ್ ಹುತಾವುರುಕ್ ಅವರ ತಾರಸ್ಥಾಯಿ. ಸ್ಥಾನದ ಬಗ್ಗೆ ನನಗೆ ತಕರಾರಿಲ್ಲ.

ತಕರಾರಿರುವುದು ‘ಒಳ್ಳೆಯ ಅಭಿರುಚಿ’ಯವರು ಮೂಗು ಮುರಿಯುವ ಇನ್ನೊಂದು ಬಗೆಯ ಹಾಡುಗಳ ವಿಷಯದಲ್ಲಿ. ಎಂಬತ್ತರ ದಶಕದಲ್ಲಿ ಕ್ಯಾಸೆಟ್ ಅಂಗಡಿಗಳನ್ನು ಆಳಿದ ಈ ಹಾಡುಗಳಿಗೆ ಅಲ್ಲಿ ‘ಲಾಗು ಚೆಂಗೆಂಗ್’ ಅನ್ನುತ್ತಾರೆ. ಅಳುಮುಂಜಿ ಹಾಡುಗಳು. ಇವುಗಳಲ್ಲಿ ಎಲ್ಲರ ಬಾಯಲ್ಲೂ ನಲಿದದ್ದು ಓಬಿ ಮೆಸಾಖ್ ಬರೆದು ಬೆತಾರಿಯಾ ಸೊನಾತಾ ಹಾಡಿದ ‘ಹಾತಿ ಯಾಂಗ್ ಲುಕಾ’.

ಆ ಹಾಡು ಏನು ಹೇಳುತ್ತದೆ ಗೊತ್ತೆ? ಗಂಡನ ಕೈಯಲ್ಲಿ ಹೊಡೆತ ತಿಂದ ಹೆಂಡತಿ ತನ್ನ ಕೆನ್ನೆಯ ಮೇಲೆ ಕೆಂಪಗೆ ಮೂಡಿದ ಬೆರಳಚ್ಚನ್ನು ಅವನಿಗೇ ತೋರಿಸುತ್ತಾಳೆ. ನನ್ನನ್ನು ಅಪ್ಪನ ಹತ್ತಿರಕ್ಕೋ ಅಮ್ಮನ ಹತ್ತಿರಕ್ಕೋ ವಾಪಸ್ ಕಳಿಸಿಬಿಡು ಅನ್ನುತ್ತಾಳೆ. ಅಷ್ಟೇ.

1988ರಲ್ಲಿ ಅಲ್ಲಿನ ಅಧ್ಯಕ್ಷ ಸುಹಾರ್ತೊ ಸರ್ಕಾರದ ವಾರ್ತಾ ಸಚಿವ ಹರ್ಮೋಕೊ ಇಂಥ ಹಾಡುಗಳ ಮೇಲೆ ಹರಿಹಾಯ್ದರು. ದೇಶ ಕಟ್ಟಬೇಕಾದ ಜನರ ಹುರುಪು ಇವುಗಳಿಂದ ಕುಂದುತ್ತದೆ, ಸರ್ಕಾರಿ ಟಿವಿಯಲ್ಲಿ ಇವು ಬರಕೂಡದು ಎಂಬುದು ಅವರ ವಾದ. ಆಗ ದೇಶಕ್ಕೆಲ್ಲ ಇದ್ದದ್ದು ಟಿವಿಆರ್‌ಐ ಎಂಬ ಆ ಸರ್ಕಾರಿ ಚಾನೆಲ್ ಒಂದೇ. ಖಾಸಗಿ ಚಾನೆಲ್ ಶುರುವಾದದ್ದು 1989ರಲ್ಲಿ. ಹೊಡೆದ ಗಂಡನಿಂದ ದೇಶದ ಹುರುಪು ಕುಂದಲಿಲ್ಲ, ಹೊಡೆಸಿಕೊಂಡವಳು ಬಾಯಿಬಿಟ್ಟಾಗ ಕುಂದಿತು! ಸಚಿವರ ಕಿವಿಗೆ ಬಿದ್ದದ್ದು ಬರೀ ಅಳು, ದೂರು ಕೇಳಿಸಲೇ ಇಲ್ಲ. ಅಭಿರುಚಿಯ ಹೆಸರಲ್ಲಿ ಇವತ್ತಿಗೂ ನಗುವವರಿಗೂ ಅದು ಕೇಳಿಸಿಲ್ಲ ಅನ್ನುವುದೇ ನನ್ನ ಸಿಟ್ಟು.

ಹಾಡುಗಾರರಿಗೆ ಹೀಗೆ ಹಾಡಿ, ಹಾಗೆ ಹಾಡಬೇಡಿ ಅನ್ನುವ ಚಟ ಅಲ್ಲಿ ಸುಹಾರ್ತೊಗಿಂತ ಹಳೆಯದು. ಅವರಿಗಿಂತ ಮೊದಲು ಅಧ್ಯಕ್ಷರಾಗಿದ್ದ ಸುಕರ್ನೊ ಅವರು ರಾಕ್ ಸಂಗೀತವನ್ನು ‘ಙಾಕ್-ಙಿಕ್-ಙೋಕ್’ ಎಂದು ಹೀಯಾಳಿಸಿದ್ದರು. (ನಮ್ಮ ಙ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು.) 1965ರ ಜೂನ್ ಕೊನೆಯಲ್ಲಿ, ಬೀಟಲ್ಸ್ ಧಾಟಿಯಲ್ಲಿ ಹಾಡುತ್ತಿದ್ದ ತುಬಾನ್ ಊರಿನ ಅಣ್ಣತಮ್ಮಂದಿರ ತಂಡ ಕುಸ್ ಬರ್ಸೌದಾರವನ್ನು ಜಕಾರ್ತಾದ ಗ್ಲೊಡೊಕ್ ಜೈಲಿಗೆ ಹಾಕಿದರು. ಬಿಟ್ಟದ್ದು ಸೆಪ್ಟೆಂಬರ್ 29ಕ್ಕೆ. ಮರುದಿನ ರಾತ್ರಿಯೇ ಸೇನಾಧಿಕಾರಿಗಳ ಅಪಹರಣ, ಕೊಲೆ, ಆಮೇಲೆ ದೇಶವೇ ತಲೆಕೆಳಗು. ಅವರ 1967ರ ಆಲ್ಬಂನಲ್ಲಿ ಜೈಲಿನ ಹಾಡೇ ಇದೆ, ಹದಿನೈದನೇ ನಂಬರಿನ ಕೋಣೆಯ ಮೇಲೂ ಒಂದು ಹಾಡಿದೆ. ಮುಂದೆ ಮುರ್ರಿ ಎಂಬ ಹೊರಗಿನ ಡ್ರಮ್ಮರ್ ಸೇರಿ ‘ಕುಸ್ ಪ್ಲಸ್’ ಆಯಿತು. 1974 ಒಂದೇ ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಲ್ಬಂ! ಗುಣಮಟ್ಟ ಕೇಳಬೇಡಿ.

ನಾವೇನೂ ಕಮ್ಮಿ ಇರಲಿಲ್ಲ ಬಿಡಿ. 1952ರಲ್ಲಿ ನಮ್ಮ ವಾರ್ತಾ ಸಚಿವ ಕೇಸ್ಕರ್ ಅವರು ಆಕಾಶವಾಣಿಯಿಂದ ಸಿನಿಮಾ ಹಾಡುಗಳನ್ನು ಅಟ್ಟಿದರು, ಕೇಳುಗರು ಸೀದಾ ರೇಡಿಯೋ ಸಿಲೋನ್‌ಗೆ ಹೋದರು.

ಕ್ರಿಸ್ಯೆ ಆಲ್ಬಂ ಖಂಡಿತ ಕೇಳಿ. ಜೊತೆಗೆ ಬೆತಾರಿಯಾ ಹಾಡನ್ನೂ ಹಾಕಿಕೊಳ್ಳಿ. ಆ ಕಾಲದ ಕೀಬೋರ್ಡ್ ಸದ್ದಿಗೆ ನಗು ಬಂದರೆ ನಕ್ಕುಬಿಡಿ, ಇನ್ನೊಂದು ಸಲ ಸಾಹಿತ್ಯದ ಅರ್ಥ ಎದುರಿಗಿಟ್ಟುಕೊಂಡು ಕೇಳಿ. ಆಮೇಲೂ ಅದು ಕೀಳು ಅಭಿರುಚಿ ಅನ್ನಿಸಿದರೆ ಕಾಮೆಂಟಿಗೆ ಬನ್ನಿ, ಜಗಳ ಆಡೋಣ.