ಮೈಕ್ ಚಾಚಿದ ಮೇಲೆ ಮಾತಾಡಲು ಬಿಡಿ

ಹೈದರಾಬಾದಿನಲ್ಲಿರುವ ನನ್ನಂಥ ಕಲಬುರಗಿಯವರಿಗೆ ಊರ ಸುದ್ದಿ ಈಗ ಮೊಬೈಲ್ ವಿಡಿಯೊದಲ್ಲೇ ಸಿಗುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಎಲ್ಲೇ ಏನಾದರೂ ಯಾರಾದರೊಬ್ಬರು ಮೈಕ್ ಹಿಡಿದು ಹೋಗಿರುತ್ತಾರೆ. ಇದು ತುಂಬ ಒಳ್ಳೆಯದು. ದೊಡ್ಡ ಚಾನೆಲ್‌ಗಳ ಗಾಡಿ ನಮ್ಮ ಹಳ್ಳಿಗಳ ಕಡೆ ಬರುವುದೇ ಅಪರೂಪ.

ಆದರೆ ಇಲ್ಲಿಯ ತೆಲುಗು ವಿಡಿಯೊ ನೋಡಿದಾಗ ನಮ್ಮ ಕೊರತೆ ಕಾಣುತ್ತದೆ. ತೆಲಂಗಾಣದ ಜಗಿತ್ಯಾಲ ಜಿಲ್ಲೆಯ ಲಂಬಾಡಿಪಲ್ಲಿಯಲ್ಲಿ 2012ರಲ್ಲಿ 'ಮೈ ವಿಲೇಜ್ ಶೋ' ಎಂಬ ಯೂಟ್ಯೂಬ್ ಚಾನೆಲ್ ಶುರುವಾಯಿತು. ಅದು ಸುದ್ದಿಯಲ್ಲ, ಮನರಂಜನೆ. ಆದರೂ ಅದರಲ್ಲಿ ಹಳ್ಳಿಯ ಅಜ್ಜಿ ಗಂಗವ್ವ ತನ್ನ ಊರಿನ ಮಾತನ್ನೇ ಆಡುತ್ತಾಳೆ, ಜನ ಮುಗಿಬಿದ್ದು ನೋಡುತ್ತಾರೆ. ಉತ್ತರ ಭಾರತದ ಬುಂದೇಲ್‌ಖಂಡದ 'ಖಬರ್ ಲಹರಿಯಾ' 2002ರಲ್ಲಿ ಪತ್ರಿಕೆಯಾಗಿ ಹುಟ್ಟಿದ್ದು. ಈಗ ಅಲ್ಲಿನ ಹೆಣ್ಣುಮಕ್ಕಳು ಮೊಬೈಲ್ ಹಿಡಿದೇ ಹಳ್ಳಿ ಸುತ್ತಿ ವರದಿ ಮಾಡುತ್ತಾರೆ.

ನಮ್ಮ ಹುಡುಗರಿಗೂ ಆ ಶಕ್ತಿ ಇದೆ. ಆದರೆ ಮೈಕ್ ಕೈಗೆ ಬಂದ ಕೂಡಲೇ ಬೆಂಗಳೂರಿನ ಸ್ಟುಡಿಯೊ ಅಬ್ಬರ ಮೈಮೇಲೆ ಬರುತ್ತದೆ. ರೈತ ಎರಡು ಮಾತು ಆಡುವಷ್ಟರಲ್ಲಿ ಮೈಕ್ ವಾಪಸ್!

2022ರಲ್ಲಿ ನಮ್ಮ ಕಡೆ ತೊಗರಿಗೆ ನೆಟೆ ರೋಗ ಬಿತ್ತು. ಆಗ ನೋಡಿದ ಸುದ್ದಿಗಳಲ್ಲಿ 'ರೈತರು ಕಂಗಾಲು' ಎಂಬುದೇ ಜಾಸ್ತಿ. ನನಗೆ ವಿಷಯ ತಿಳಿದದ್ದು ನಮ್ಮ ಕಾಕಾ ಕಳಿಸಿದ ವಿಡಿಯೊದಿಂದ. ಒಂದು ಗಿಡ ಕಿತ್ತು, ಕುಡುಗೋಲಿನಿಂದ ಬುಡ ಸೀಳಿ ಫೋನಿನ ಹತ್ತಿರ ಹಿಡಿದಿದ್ದರು. ಒಳಗೆಲ್ಲ ಕಂದು ಗೆರೆ. "ನೋಡಪಾ, ಕಾಯಿ ಹಿಡಿಯೂ ಹೊತ್ತಿಗೆ ನಿಂತಲ್ಲೇ ಒಣಗ್ಯಾವ" ಎಂದರು. ಆಮೇಲೆ ಫೋನ್ ನಿಧಾನಕ್ಕೆ ಸಾಲಿನ ಮೇಲೆ ಹರಿಯಿತು, ಒಣಗಿದ್ದೆಷ್ಟು, ಹಸಿರು ಉಳಿದದ್ದೆಷ್ಟು ಎಂದು ಕಣ್ಣಿಗೇ ಗೊತ್ತಾಯಿತು. ಬರೀ ಫೋನಿನಲ್ಲಿ ಮಾತಾಡಿದ್ದರೆ ಕಾಕಾ "ಆರಾಮ ಅದೀವಿ" ಎಂದು ಸುಮ್ನಾಗುತ್ತಿದ್ದರು. ದೂರದಲ್ಲಿರುವವರಿಗೆ ಚಿಂತೆ ಬೇಡ ಅಂತ ಎಲ್ಲರೂ ಹಾಗೇ ಹೇಳುತ್ತಾರೆ, ಅಲ್ವಾ?

ವರದಿಗೂ ಇದೇ ತಾಳ್ಮೆ ಬೇಕು. ಜೊತೆಗೆ ಊರು, ತಾರೀಖು ವಿಡಿಯೊದಲ್ಲೇ ಹೇಳಿಬಿಡಬೇಕು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ತೆಗೆದ ವಿಡಿಯೊವನ್ನು ಯಾರಾದರೂ ಮತ್ತೆ ಹರಿಬಿಟ್ಟರೆ, ಹೊರಗಿರುವ ನಮಗೆ ಹೊಸದೋ ಹಳೆಯದೋ ತಿಳಿಯುವುದಿಲ್ಲ. ಸುಮ್ನೆ ಗಾಬರಿಯಾಗಿ ಮನೆಗೆ ಫೋನ್ ಹಚ್ಚುತ್ತೇವೆ.

ಕಲಬುರಗಿಯ ವಿಡಿಯೊ ಗೆಳೆಯರೇ, ತೊಗರಿ ಹೊಲಕ್ಕೆ ಹೋದಾಗ ಹಿನ್ನೆಲೆ ಸಂಗೀತ ಹಾಕಬೇಡಿ. ಕ್ಯಾಮೆರಾ ಗಿಡದ ಬುಡದ ತನಕ ಇಳಿಯಲಿ. ರೈತರ ಮಾತು ಮುಗಿಯುವ ತನಕ ರೆಕಾರ್ಡಿಂಗ್ ನಿಲ್ಲಿಸಬೇಡಿ.