ಬೀಗ ಹಾಕಿದ ಮನೆಗಳ ಬಗ್ಗೆ ನಮ್ಮ ಇಗರ್ಜಿಯವರಿಗೆ ಒಂದು ಮಾತು

ನಮ್ಮ ಇಗರ್ಜಿಗಳಲ್ಲಿ (ಚರ್ಚುಗಳಲ್ಲಿ) ದಾನಧರ್ಮ ಅಂದ್ರೆ ಅಕ್ಕಿ, ಬಟ್ಟೆ, ಮಕ್ಕಳ ಸ್ಕೂಲ್ ಫೀಸು, ಆಸ್ಪತ್ರೆ ಬಿಲ್ಲು, ಇಷ್ಟರಲ್ಲೇ ಮುಗೀತದೆ. ಎಲ್ಲಾ ಬೇಕಾದ್ದೇ, ಬೇಡ ಅಂತಿಲ್ಲ. ಆದ್ರೆ ಮನೆ ಬಾಡಿಗೆ ಅನ್ನೋ ವಿಷಯ ಮಾತ್ರ ಯಾರ ಬಾಯಲ್ಲೂ ಬರೋದಿಲ್ಲ. ನನ್ನ ಪ್ರಕಾರ ಕಾರವಾರದಲ್ಲಿ ಕ್ರಿಸ್ತನ ಹೆಸರು ಹೇಳ್ಕೊಂಡು ಬದುಕೋ ನಾವು ಇವತ್ತು ಕೇಳ್ಕೊಳ್ಳಬೇಕಾದ ಮೊದಲ ಪ್ರಶ್ನೆ, ನಮ್ಮ ಖಾಲಿ ಮನೆ ಖಾಲಿ ಜಾಗ ಯಾರಿಗೋಸ್ಕರ ಇಟ್ಕೊಂಡಿದ್ದೀವಿ ಅಂತ.

ಇಲ್ಲಿ ಜಾಗದ ಪರಿಸ್ಥಿತಿ ಎಲ್ರಿಗೂ ಗೊತ್ತಿರೋದೇ. ಒಂದು ಕಡೆ ಗುಡ್ಡ, ಅರಣ್ಯ ಇಲಾಖೆ. ಇನ್ನೊಂದು ಕಡೆ ಸಮುದ್ರ, ದಂಡೆ ಹತ್ರ ಕಟ್ಟೋದಕ್ಕೆ ತಡೆ ಹಾಕೋ ಸಿಆರ್‌ಝಡ್ ರೂಲ್ಸು. ನಡುವೆ ಉಳಿದ ಪಟ್ಟಿಯಲ್ಲಿ ಕೊಂಕಣ ರೈಲು ಬಂತು, ಹೈವೇ 66 ಅಗಲ ಆಯ್ತು. 1986ರಲ್ಲಿ ರಾಜೀವ್ ಗಾಂಧಿ ಬಂದು ಸೀಬರ್ಡ್ ಅನ್ನೋ ನೇವಿ ಯೋಜನೆಗೆ ಅಡಿಗಲ್ಲು ಹಾಕಿದ್ರು, ಅದರ ಕದಂಬ ನೌಕಾನೆಲೆ ಶುರುವಾಗಿದ್ದು 2005ರಲ್ಲಿ, ಅದರ ಮಧ್ಯೆ ಸಾವಿರಾರು ಕುಟುಂಬ ತಮ್ಮ ತೆಂಗು ತೋಟ, ದೇವಸ್ಥಾನ, ಇಗರ್ಜಿ, ಮೀನು ಒಣಗಿಸೋ ದಂಡೆ ಎಲ್ಲಾ ಬಿಟ್ಟು ತೋಡೂರು, ಮುದಗಾ ಕಡೆಯ ಕಾಲೋನಿಗಳಿಗೆ ಹೋದ್ವು, ಪರಿಹಾರದ ಕೇಸು ಎಷ್ಟೋ ವರ್ಷ ಕೋರ್ಟಲ್ಲೇ ಇದ್ವು. ದೇಶಕ್ಕೆ ನೇವಿ ಬೇಕು, ಕೈಗಾ ಅಣುಸ್ಥಾವರದ ಕರೆಂಟೂ ಬೇಕು, ಅದರ ಬಗ್ಗೆ ನಾನು ಜಗಳ ಆಡ್ತಿಲ್ಲ. ಆದ್ರೆ ಅಲ್ಲಿಗೆ ಕೆಲಸಕ್ಕೆ ಬಂದ ದೊಡ್ಡವರಿಗೆ ಕ್ವಾರ್ಟರ್ಸ್ ಇದೆ ಅಥವಾ ಬಾಡಿಗೆಗೆ ಅಂತ ಕೊಡೋ ಒಳ್ಳೆ ಎಚ್‌ಆರ್‌ಎ ಇದೆ. ಅವರ ಮನೆ ಕೆಲಸ ಮಾಡೋಳಿಗೆ, ಗೇಟಲ್ಲಿ ನಿಲ್ಲೋ ಕಾಂಟ್ರಾಕ್ಟ್ ಸೆಕ್ಯೂರಿಟಿಗೆ, ಬೈತಖೋಲ ಬಂದರಲ್ಲಿ ಮೀನಿನ ಬೋಟಿಗೆ ಹೋಗೋನಿಗೆ ಏನಿದೆ? ಬಾಡಿಗೆ ಮಾತ್ರ ಎಲ್ರಿಗೂ ಒಂದೇ ಲೆಕ್ಕದಲ್ಲಿ ಏರ್ತಾ ಹೋಗಿದೆ.

ಇದೇ ಊರಲ್ಲಿ ನಮ್ಮವರ ಎಷ್ಟು ಮನೆಗೆ ಬೀಗ ಬಿದ್ದಿದೆ ನೋಡಿ. ಮಗ ಕುವೈತಲ್ಲಿ, ಮಗಳು ಗೋವಾದಲ್ಲಿ, ತಾಯಿ ತೀರ್ಕೊಂಡ್ರು, ಮನೆಗೆ ಬೀಗ. ವರ್ಷಕ್ಕೆ ಒಂದ್ಸಲ ಕ್ರಿಸ್ಮಸ್‌ಗೋ ಇಗರ್ಜಿ ಹಬ್ಬದ ಫೆಸ್ತಿಗೋ ಬಂದು ಬಾಗಿಲು ತೆಗೆದು, ಗೆದ್ದಲು ಹಿಡಿದ ಪಕಾಸಿ ಬದಲಾಯ್ಸಿ, ಒಡೆದ ಹೆಂಚು ಹೊಚ್ಚಿ, ಮತ್ತೆ ಬೀಗ ಹಾಕಿ ಹೋಗೋದು. ಮಳೆಗಾಲದಲ್ಲಿ ಮುಚ್ಚಿಟ್ಟ ಮನೆ ಎಷ್ಟು ಬೇಗ ಹಾಳಾಗ್ತದೆ ಅಂತ ಕರಾವಳಿಯವರಿಗೆ ಹೇಳೋದೇ ಬೇಡ, ಒಲೆ ಉರಿಯದ ಮನೆ ನಿಲ್ಲಲ್ಲ.

ನನಗೆ ಪರಿಚಯದ ಒಬ್ಬ ಬಾಯಿ (ಹೆಂಗಸು) ಇದಾಳೆ, ಗಂಡ ಇಲ್ಲ, ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ, ಇಬ್ರು ಮಕ್ಕಳು. ಸಂಬಳದ ಅರ್ಧಕ್ಕಿಂತ ಜಾಸ್ತಿ ಬಾಡಿಗೆಗೇ ಹೋಗ್ತದೆ. ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿಯೋ ಹೊತ್ತಿಗೆ ಅವಳ ಎದೆ ಹೊಡ್ಕೊಳ್ಳೋಕೆ ಶುರು, ಯಾಕಂದ್ರೆ ಓನರ್ ಹೆಚ್ಚು ಕೇಳ್ತಾರೆ ಇಲ್ಲಾಂದ್ರೆ ಬಿಡಿ ಅಂತಾರೆ, ಬಿಟ್ರೆ ಹೊಸ ಡಿಪಾಸಿಟ್ ಎಲ್ಲಿಂದ ತರೋದು, ಮಕ್ಕಳ ಶಾಲೆ ದೂರ ಆಗ್ತದೆ, ನೈಟ್ ಡ್ಯೂಟಿಗೆ ಬಸ್ಸಿರಲ್ಲ. ಪ್ರತಿ ಭಾನುವಾರ ಪೂಜೆಗೆ ಬರ್ತಾಳೆ. ಅವಳು ಕೂರೋ ಬೆಂಚಿನ ಮುಂದಿನ ಬೆಂಚಲ್ಲೇ ಎರಡೆರಡು ಮನೆಗೆ ಬೀಗ ಹಾಕಿಟ್ಟವರು ಕೂತಿರ್ತಾರೆ. ಶಾಂತಿ ಕೋರುವಾಗ ಇಬ್ರೂ ಕೈ ಮುಗೀತಾರೆ. ಇದು ನನಗೆ ಸಹಿಸೋಕಾಗ್ತಿಲ್ಲ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಸರ್ಕಾರ ಮಾಡ್ಲಿ ಬಿಡಿ, ಆವಾಸ್ ಯೋಜನೆ ಇದೆಯಲ್ಲ ಅಂತಾರೆ ಕೆಲವರು. ಮಾಡ್ಲೇಬೇಕು, ಅದು ಸರ್ಕಾರದ ಕರ್ತವ್ಯ. ಆದ್ರೆ ಹಳ್ಳಿಯ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ಇಟ್ಟಿರೋದು 1 ಲಕ್ಷ 20 ಸಾವಿರ, ಚಿರೇಕಲ್ಲು, ಮರಳು, ಮೇಸ್ತ್ರಿ ಕೂಲಿ ಸೇರಿಸಿದ್ರೆ ಅದು ಎಲ್ಲಿವರೆಗೆ ಬರ್ತದೆ ಹೇಳಿ. ಅದಕ್ಕೂ ಮೊದಲು ಕಟ್ಟೋಕೆ ಹೆಸರಲ್ಲಿ ಒಂದು ತುಂಡು ಜಾಗ ಬೇಕಲ್ಲ. ಘಟ್ಟದ ಮೇಲೆ ಹಳಿಯಾಳ, ಯಲ್ಲಾಪುರ ಕಡೆ ಆಫ್ರಿಕಾ ಮೂಲದ ನಮ್ಮ ಸಿದ್ದಿ ಕ್ರೈಸ್ತರನ್ನೇ ತಗೊಳ್ಳಿ, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ರು, 2006ರ ಅರಣ್ಯ ಹಕ್ಕು ಕಾಯ್ದೆಯೂ ಬಂತು, ಆದ್ರೂ ಪಟ್ಟಾ ಕೈಗೆ ಬರದ ಮನೆಗಳು ಇನ್ನೂ ಇವೆ. ಅದು ಬೇರೆಯೇ ಒಂದು ದೊಡ್ಡ ಕಥೆ, ಇನ್ನೊಂದ್ಸಲ ಬರೀತೀನಿ.

ಬೈಬಲ್ ಮನೆ ವಿಷಯದಲ್ಲಿ ಸುಮ್ನೆ ಇಲ್ಲ, ನಾವು ಸುಮ್ನೆ ಇದ್ದೀವಿ ಅಷ್ಟೇ. ಯಾಜಕಕಾಂಡ 25ರಲ್ಲಿ ಭೂಮಿ ನನ್ನದು, ನೀವು ನನ್ನ ಹತ್ರ ಇಳ್ಕೊಂಡ ಪರದೇಶಿಗಳು ಅಂತ ದೇವರೇ ಹೇಳ್ತಾನೆ. ಅಂದ್ರೆ ಆರ್‌ಟಿಸಿಯಲ್ಲಿ ನಮ್ಮ ಹೆಸರಿದ್ರೂ ನಾವೂ ಒಂಥರ ಬಾಡಿಗೆದಾರರೇ. ಧರ್ಮೋಪದೇಶಕಾಂಡ 24ರಲ್ಲಿ ಸಾಲ ಕೊಟ್ಟವನು ಒತ್ತೆ ಇಸ್ಕೊಳ್ಳೋಕೆ ಬಡವನ ಮನೆ ಒಳಗೆ ನುಗ್ಗಬಾರದು, ಹೊರಗೆ ನಿಲ್ಲಬೇಕು, ಅವನೇ ತಂದು ಕೊಡಲಿ ಅಂತ ಇದೆ, ಬಡವನ ಹೊಸ್ತಿಲಿಗೂ ಅಷ್ಟು ಮರ್ಯಾದೆ! ಯೆಶಾಯ 5ರಲ್ಲಿ ಮನೆಗೆ ಮನೆ ಕೂಡಿಸಿ ಹೊಲಕ್ಕೆ ಹೊಲ ಸೇರಿಸೋರಿಗೆ ಅಯ್ಯೋ ಅಂತಾನೆ ಪ್ರವಾದಿ. ಅದೇ ಯೆಶಾಯ 65ಕ್ಕೆ ಬಂದ್ರೆ ಹೊಸ ಲೋಕ ಹೇಗಿರ್ತದೆ ಅಂತ ಹೇಳುವಾಗ, ಮನೆ ಕಟ್ಟಿದವರೇ ಅದರಲ್ಲಿ ವಾಸ ಮಾಡ್ತಾರೆ, ಒಬ್ಬ ಕಟ್ಟಿದ್ರಲ್ಲಿ ಇನ್ನೊಬ್ಬ ಇರೋ ಹಾಗೆ ಆಗೋದಿಲ್ಲ ಅಂತಾನೆ. ಈ ವಚನ ಓದಿದಾಗೆಲ್ಲ ನನಗೆ ಹಾವೇರಿ, ಗದಗ, ಕೊಪ್ಪಳ ಕಡೆಯಿಂದ ಇಲ್ಲಿಗೆ ಬಂದು ನಮ್ಮ ಅಪಾರ್ಟ್‌ಮೆಂಟಿಗೆ ಕಲ್ಲು ಹೊತ್ತು, ಮಳೆಗಾಲದಲ್ಲೂ ತಗಡಿನ ಶೆಡ್ಡಲ್ಲಿ ಮಕ್ಕಳ ಜೊತೆ ಮಲಗೋರು ನೆನಪಾಗ್ತಾರೆ. ಪ್ರವಾದಿ ಹೇಳಿದ ಆ ಲೋಕ ನಮ್ಮ ಕಡೆ ಇನ್ನೂ ಬಂದಿಲ್ಲ ಅಂತ ಅವರ ಶೆಡ್ಡು ನೋಡಿದ್ರೆ ಗೊತ್ತಾಗ್ತದೆ.

ನಮ್ಮ ಕ್ಯಾಥೊಲಿಕ್ ಧರ್ಮಸಭೆಯೂ ಇದನ್ನ ಸ್ಪಷ್ಟವಾಗೇ ಹೇಳಿದೆ. 1987ನ್ನ ವಿಶ್ವಸಂಸ್ಥೆ ವಸತಿಹೀನರ ವರ್ಷ ಅಂತ ಘೋಷಣೆ ಮಾಡಿದಾಗ ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಆಯೋಗ ಒಂದು ದಾಖಲೆನೇ ತಂತು, ಮನೆಯಿಲ್ಲದ ನಿನ್ನ ತಮ್ಮನಿಗೆ ಏನು ಮಾಡಿದೆ ಅನ್ನೋ ಪ್ರಶ್ನೆಯೇ ಅದರ ಹೆಸರು. ಪೋಪ್ ಫ್ರಾನ್ಸಿಸ್ 2015ರ ಲೌದಾತೊ ಸೀ ಪತ್ರದಲ್ಲಿ ಮನೆಗೂ ಮನುಷ್ಯನ ಘನತೆಗೂ ಸಂಬಂಧ ಇದೆ ಅಂತ ಬರೆದ್ರು. ನಮ್ಮ ಕಾರವಾರ ಧರ್ಮಪ್ರಾಂತ್ಯ ಹುಟ್ಟಿದ್ದು 1976ರಲ್ಲಿ. ಅದೇ 1976ರಲ್ಲಿ ಅಮೆರಿಕದ ಮಿಲಾರ್ಡ್ ಫುಲ್ಲರ್ ಅನ್ನೋರು ಹೆಂಡತಿ ಲಿಂಡಾ ಜೊತೆ ಸೇರಿ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಶುರು ಮಾಡಿದ್ರು, ಲಾಭ ಇಲ್ಲದೆ ಮನೆ ಕಟ್ಟಿಕೊಡೋದು, ಮನೆ ಪಡೆಯೋರೂ ಸೇರಿ ಕೆಲಸ ಮಾಡೋದು, ಬೈಬಲ್ ನಂಬಿಕೆಯಿಂದಲೇ ಹೊರಟ ಕೆಲಸ ಅದು. ಇಲ್ಲೇ ಕೇರಳದಲ್ಲಿ ಲಾರಿ ಬೇಕರ್ ಇದ್ರು, ಕ್ವೇಕರ್ ಪಂಥದವರು, ಕುಷ್ಠರೋಗಿಗಳ ಸೇವೆಗೆ ಅಂತ ಭಾರತಕ್ಕೆ ಬಂದವರು, ಇಟ್ಟಿಗೆ ಮಧ್ಯೆ ಸಂದು ಬಿಟ್ಟು ಗೋಡೆ ಕಟ್ಟಿ ಖರ್ಚು ಇಳಿಸೋದು ತೋರಿಸಿಕೊಟ್ರು, ಬಡವರಿಗೆ ಕಟ್ಟೋ ಮನೆಯೂ ಚೆಂದ ಇರಬೇಕು ಅಂತ ನಂಬಿದ್ರು.

ಜರ್ಮನಿಯ ಆಗ್ಸ್‌ಬರ್ಗಲ್ಲಿ ಫುಗ್ಗರೈ ಅಂತ ಒಂದು ವಠಾರ ಇದೆ. ಯಾಕೋಬ್ ಫುಗ್ಗರ್ ಅನ್ನೋ ಭಾರೀ ಸಾಹುಕಾರ 1521ರಲ್ಲಿ ಬಡವರಿಗೆ ಅಂತ ಸ್ಥಾಪಿಸಿದ್ದು. ಐನೂರು ವರ್ಷ ಆಯ್ತು, ಈಗಲೂ ಜನ ಇದಾರೆ, ಬಾಡಿಗೆ ಈಗಲೂ ವರ್ಷಕ್ಕೆ 88 ಸೆಂಟ್, ಅಂದ್ರೆ ಒಂದು ಯೂರೋನೂ ಇಲ್ಲ. ಆದ್ರೆ ಅಲ್ಲಿ ಒಂದು ಶರತ್ತು, ಕ್ಯಾಥೊಲಿಕ್ ಆಗಿರಬೇಕು, ದಿನಾ ಫುಗ್ಗರ್ ಮನೆತನಕ್ಕೆ ಪ್ರಾರ್ಥನೆ ಮಾಡ್ಬೇಕು. ಆ ಶರತ್ತು ನಮಗೆ ಬೇಡವೇ ಬೇಡ. ನಮ್ಮ ಮನೆಯಲ್ಲಿ ಮೀನುಗಾರ ಗಾಬಿತ, ಖಾರ್ವಿ, ಹಾಲಕ್ಕಿ ಒಕ್ಕಲಿಗ, ಮುಸ್ಲಿಂ, ಯಾರು ಬೇಕಾದ್ರೂ ಇರಲಿ. ಒಳ್ಳೆಯ ಸಮಾರ್ಯದವನು ದಾರಿಯಲ್ಲಿ ಬಿದ್ದವನ ಜಾತಿ ಕೇಳಿ ಎತ್ತಿಕೊಂಡನಾ?

ಇಲ್ಲಿ ಒಂದು ನಿಜವಾದ ಭಯ ಇದೆ, ಫಾದರುಗಳೂ ಖಾಸಗಿಯಾಗಿ ಹೇಳ್ತಾರೆ, ಇಗರ್ಜಿ ಬೇರೆ ಧರ್ಮದವರಿಗೆ ಮನೆ ಕೊಟ್ರೆ ಮತಾಂತರಕ್ಕೆ ಆಮಿಷ ಅಂತ ಕಂಪ್ಲೇಂಟ್ ಬರ್ತದೆ. ಭಯ ಸುಳ್ಳಲ್ಲ, ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆಯಲ್ಲಿ ಆಮಿಷ ಅನ್ನೋ ಮಾತೇ ಇತ್ತು. ಅದಕ್ಕೆ ನಾನು ಹೇಳೋದು, ಪುಕ್ಕಟೆ ಕೊಡೋದು ಬೇಡ. ಬಾಡಿಗೆ ಇರಲಿ, ಆದ್ರೆ ದುಡಿಮೆಯ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಆಗೋದು ಬೇಡ. ಬರಹದಲ್ಲಿ ನಿಯಮ ಇರಲಿ, ರಿಜಿಸ್ಟರ್ಡ್ ಟ್ರಸ್ಟ್ ಇರಲಿ, ಕಮಿಟಿಯಲ್ಲಿ ಹಿಂದೂ ಮುಸ್ಲಿಂ ಅಕ್ಕಪಕ್ಕದವರೂ ಕೂರಲಿ, ಲೆಕ್ಕ ನೋಟಿಸ್ ಬೋರ್ಡಲ್ಲಿ ಹಚ್ಚಿ. ಎಲ್ಲಾ ಬೆಳಕಿನಲ್ಲಿ ನಡೆದ್ರೆ ಹೆದರೋಕೆ ಕಾರಣ ಇರಲ್ಲ.

ಇಗರ್ಜಿ ಜಾಗದ ವಿಷಯಕ್ಕೂ ಇದೇ ಮಾತು. ಕ್ಯಾಲಿಫೋರ್ನಿಯಾದಲ್ಲಿ 2023ರಲ್ಲಿ ಕಾನೂನನ್ನೇ ಮಾಡಿದ್ರು, ಚರ್ಚು ದೇವಾಲಯಗಳು ತಮ್ಮ ಖಾಲಿ ಜಾಗದಲ್ಲಿ ಕಡಿಮೆ ಬಾಡಿಗೆ ಮನೆ ಕಟ್ಟೋಕೆ ಸುಲಭ ಆಗ್ಲಿ ಅಂತ. ನಮಗೆ ಅಂಥ ಕಾನೂನಿಲ್ಲ, ಕಟ್ಟೋಕೆ ದುಡ್ಡೂ ಬೇಕು, ಹಾಗಾಗಿ ಜಾಗದ ಮಾತು ನಿಧಾನಕ್ಕೆ ಆಗ್ಲಿ, ಆದ್ರೆ ಜಾಗ ಮಾರೋ ಮಾತು ಬಂದ್ರೆ ಮಾತ್ರ ದಯವಿಟ್ಟು ಒಪ್ಪಬೇಡಿ.

ಬೀಗದ ಮನೆಗಳಿಗೆ ದುಡ್ಡು ಬೇಡ, ಮನಸ್ಸು ಸಾಕು. ಓನರುಗಳ ಭಯ ನನಗೆ ಅರ್ಥ ಆಗ್ತದೆ, ಬಾಡಿಗೆಯವರು ಬಿಡದಿದ್ರೆ ಏನ್ ಮಾಡೋದು, ದೂರದಲ್ಲಿ ಕೂತು ಯಾರನ್ನ ಕೇಳೋದು. ಆ ಹೊಣೆ ನಮ್ಮ ಇಗರ್ಜಿ ಅಂದ್ರೆ ಧರ್ಮಕೇಂದ್ರದ ಟ್ರಸ್ಟ್ ಹೊರಲಿ. ಮನೆ ಟ್ರಸ್ಟಿಗೆ ಐದು ವರ್ಷ ಲೀಸಿಗೆ ಕೊಡಿ, ಅಗ್ರಿಮೆಂಟ್ ರಿಜಿಸ್ಟರ್ ಮಾಡಿಸಿ, ಟ್ರಸ್ಟ್ ಬಾಡಿಗೆಯವರನ್ನ ಹುಡುಕ್ತದೆ, ರಿಪೇರಿ ಮಾಡ್ತದೆ, ಮನೆ ತೆರಿಗೆ ಕಟ್ತದೆ, ನೀವು ರಜೆಗೆ ಬಂದಾಗ ಉಳ್ಕೊಳ್ಳೋಕೆ ಒಂದು ರೂಮು ನಿಮ್ಮ ಕೈಲೇ ಇರ್ಲಿ. ಮಾರ್ಕೆಟ್ ಬಾಡಿಗೆಯಷ್ಟು ದುಡ್ಡು ಸಿಗಲ್ಲ, ಅದು ನಿಮ್ಮ ದಾನ ಅಂತ ತಿಳ್ಕೊಳ್ಳಿ. ಫೆಸ್ತಿಗೆ ಪಟಾಕಿ, ಬ್ಯಾಂಡಿಗೆ ಅಂತ ಕಳಿಸ್ತೀರಲ್ಲ, ಈ ವರ್ಷ ಅದರಲ್ಲಿ ಒಂದಿಷ್ಟು ತೆಗೆದು ಟ್ರಸ್ಟಲ್ಲಿ ಒಂದು ಡಿಪಾಸಿಟ್ ಫಂಡ್ ಮಾಡೋಣ, ಆಯಾ ಬಾಯಿಯಂಥವರಿಗೆ ಮೊದಲ ಡಿಪಾಸಿಟ್ಟಿಗೆ ಆಗ್ತದೆ.

ಮುಂದಿನ ಧರ್ಮಕೇಂದ್ರದ ಸಭೆಯಲ್ಲಿ ನಾನು ಈ ವಿಷಯ ಎತ್ತುತ್ತೀನಿ. ಬೀಗ ಹಾಕಿದ ಮನೆ ಇದ್ದು ಕೊಡೋ ಮನಸ್ಸಿರೋರು ಅದಕ್ಕೂ ಮೊದಲೇ ಇನ್‌ಬಾಕ್ಸಿಗೆ ಬನ್ನಿ, ಮನೆ ಯಾವ ವಾಡೆಯಲ್ಲಿ (ಕೇರಿಯಲ್ಲಿ) ಇದೆ, ನೀರು ಕರೆಂಟು ಇದೆಯಾ, ಯಾರ ಹೆಸರಲ್ಲಿದೆ ಅಷ್ಟು ಬರೆದ್ರೆ ಸಾಕು. ಅಣ್ಣತಮ್ಮಂದಿರ ನಡುವೆ ಪಾಲಿನ ಕೇಸಿರೋ ಮನೆಗಳು ಸದ್ಯಕ್ಕೆ ಬೇಡ, ಅದು ವಕೀಲರನ್ನ ಕೇಳಿ ಆಮೇಲೆ ನೋಡೋಣ.